ಜೌಗು ನೆಲಕ್ಕೆ ಬೆಲೆ ಬಂದ ಬಗೆ: ಶಿಕಾಗೊದ ಮೊದಲ ಮೇಯರ್ ವಿಲಿಯಂ ಆಗ್ಡೆನ್

ಶಿಕಾಗೊ ನದಿಯ ಉತ್ತರ ದಂಡೆಯಲ್ಲಿ ಒಂದು ದೊಡ್ಡ ಜಮೀನಿತ್ತು. ನ್ಯೂಯಾರ್ಕಿನ ಹಣವಂತ ಆರ್ಥರ್ ಬ್ರಾನ್ಸನ್ ಅದನ್ನು ಒಬ್ಬ ಸೇನಾಧಿಕಾರಿಯಿಂದ 20,000 ಡಾಲರಿಗೆ ಕೊಂಡಿದ್ದ. 1835ರಲ್ಲಿ ಅದನ್ನೇ ಚಾರ್ಲ್ಸ್ ಬಟ್ಲರ್ ಎಂಬ ವಕೀಲನಿಗೆ 1,00,000 ಡಾಲರಿಗೆ ಮಾರಿದ. ಈ ಎರಡು ವ್ಯವಹಾರಗಳ ನಡುವೆ ಜಮೀನಿನಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಏನೂ ಆಗಿರಲಿಲ್ಲ. ಬೇಲಿ ಬಿದ್ದಿರಲಿಲ್ಲ, ಮನೆ ಎದ್ದಿರಲಿಲ್ಲ, ನೀರು ಹರಿದುಹೋಗಲು ಒಂದು ಕಾಲುವೆ ಕೂಡ ಇರಲಿಲ್ಲ. ಬೆಲೆ ಮಾತ್ರ ಐದು ಪಟ್ಟಾಗಿತ್ತು.

ಈ ಜಮೀನನ್ನು ನೋಡಿಕೊಂಡು, ಸೈಟು ಮಾಡಿ ಮಾರಿಬಿಡು ಎಂದು ಬಟ್ಲರ್ ತನ್ನ ಹೆಂಡತಿಯ ಸೋದರನನ್ನು ಶಿಕಾಗೊಗೆ ಕಳುಹಿಸಿದ. ಆತನೇ ವಿಲಿಯಂ ಬಟ್ಲರ್ ಆಗ್ಡೆನ್, ಆಗ 30ರ ಅಂಚಿನಲ್ಲಿದ್ದ. ಮಳೆ ನಿಂತ ಮೇಲೆ ಜಮೀನು ನೋಡಲು ಹೋದರೆ ಕಾಲು ಹೂತುಹೋಗುವ ಕೆಸರು, ಅದರ ಮೇಲೆಲ್ಲ ಹುಲ್ಲು, ಪೊದೆ. ಇಂಥ ಮೂರ್ಖತನದ ಖರೀದಿ ಇನ್ನೊಂದಿಲ್ಲ, ಒಂದು ತಲೆಮಾರು ಕಳೆದರೂ ಈ ನೆಲಕ್ಕೆ ಕೊಟ್ಟ ಬೆಲೆ ಹುಟ್ಟುವುದಿಲ್ಲ ಎಂಬರ್ಥದ ಕಾಗದವನ್ನು ಆತ ಬಟ್ಲರ್‌ಗೆ ಬರೆದ. ಆದರೂ ಕೈಕಟ್ಟಿ ಕೂರಲಿಲ್ಲ. ನೀರು ಬಸಿಯುವಂತೆ ಕಾಲುವೆ ತೋಡಿಸಿದ, ರಸ್ತೆ ಗುರುತು ಹಾಕಿಸಿದ, ಸೈಟುಗಳನ್ನು ಹರಾಜಿಗಿಟ್ಟ. ಜಮೀನಿನ ಮೂರನೇ ಒಂದು ಭಾಗ ಮಾರಾಟವಾಗುವಷ್ಟರಲ್ಲೇ ಹಾಕಿದ ಲಕ್ಷ ಡಾಲರೂ ವಾಪಸು ಬಂತು.

ಸಂತೋಷಕ್ಕಿಂತ ಹೆಚ್ಚಾಗಿ ಇದು ಅವನಿಗೆ ಬೆರಗು ಹುಟ್ಟಿಸಿತು. ಜನ ಯಾಕೆ ಕೊಳ್ಳುತ್ತಿದ್ದಾರೆ? ಈ ಪ್ರಶ್ನೆಗೆ ಉತ್ತರ ತಿಳಿದರೆ ಆಗ್ಡೆನ್‌ನ ಮುಂದಿನ 40 ವರ್ಷದ ಬದುಕೂ ತಿಳಿಯುತ್ತದೆ. ಮೇಯರ್ ಆಗಿದ್ದು, ಕಾಲುವೆ ಉಳಿಸಿದ್ದು, ರೈಲು ತಂದದ್ದು ಬೇರೆ ಬೇರೆ ಸಾಧನೆಗಳೆಂದು ಪಟ್ಟಿ ಮಾಡುವುದು ವಾಡಿಕೆ. ನನಗೆ ಅವೆಲ್ಲ ಒಂದೇ ಕೆಲಸದ ಕೊಂಬೆಗಳಂತೆ ಕಾಣುತ್ತವೆ. ಸಾರ್ವಜನಿಕ ಕಾಮಗಾರಿ ಬಂದರೆ ಖಾಸಗಿ ನೆಲದ ಬೆಲೆ ಏರುತ್ತದೆ ಎಂಬುದನ್ನು ಅವನಷ್ಟು ಚೆನ್ನಾಗಿ ಅರ್ಥಮಾಡಿಕೊಂಡವರು ಆ ಊರಿನಲ್ಲಿ ಇನ್ನೊಬ್ಬರಿರಲಿಲ್ಲ.

ನೆಲ ಸರಕಾದ ಕಥೆ

ಮೊದಲು ಈ ನೆಲ ಮಾರಾಟಕ್ಕೆ ಹೇಗೆ ಬಂತೆಂದು ನೋಡಬೇಕು. ಅದು ಪೊಟವಾಟಮಿ ಎಂಬ ಮೂಲನಿವಾಸಿ ಜನರ ನಾಡು. 1833ರಲ್ಲಿ ಶಿಕಾಗೊದಲ್ಲೇ ನಡೆದ ಒಪ್ಪಂದದಲ್ಲಿ ಪೊಟವಾಟಮಿ ಮತ್ತು ಅವರ ಜೊತೆಗಿದ್ದ ಒಡಾವಾ, ಒಜಿಬ್ವೆ ಜನರಿಂದ ಅಮೆರಿಕ ಸರ್ಕಾರ ಸುಮಾರು 50 ಲಕ್ಷ ಎಕರೆ ಬರೆಸಿಕೊಂಡಿತು. ಅವರು ಮಿಸಿಸಿಪಿ ನದಿಯ ಆಚೆಗೆ ಹೊರಟುಹೋಗಬೇಕೆಂಬುದು ಷರತ್ತು. 1835ರ ಆಗಸ್ಟಿನಲ್ಲಿ, ಆಗ್ಡೆನ್ ಊರಿಗೆ ಬಂದ ಆ ಬೇಸಿಗೆಯಲ್ಲೇ, ಸುಮಾರು 800 ಪೊಟವಾಟಮಿ ಗಂಡಸರು ಊರಿನ ಬೀದಿಗಳಲ್ಲಿ ಕೊನೆಯ ಸಲ ಯುದ್ಧನೃತ್ಯ ಮಾಡಿ ಹೊರಟರು. ಶಿಕಾಗೊದ ಸೈಟಿನ ಬೆಲೆ ಪಟ್ಟಿ ಈ ನಿರ್ಗಮನದಿಂದಲೇ ಶುರುವಾಗುತ್ತದೆ. ಆಗ್ಡೆನ್‌ನನ್ನು ಕೊಂಡಾಡುವ ಬರಹಗಳು ಈ ಸಾಲನ್ನು ಬೇಗ ದಾಟಿಬಿಡುತ್ತವೆ, ಅದು ಸರಿಯಲ್ಲ.

ಸರ್ಕಾರ ಹೀಗೆ ಪಡೆದ ನೆಲವನ್ನು ಸರ್ವೆ ಮಾಡಿ ಮೈಲಿ ಉದ್ದ ಮೈಲಿ ಅಗಲದ ಚೌಕಗಳಾಗಿ ಕತ್ತರಿಸುತ್ತಿತ್ತು. ಒಂದು ಚೌಕಕ್ಕೆ 640 ಎಕರೆ, 36 ಚೌಕಕ್ಕೆ ಒಂದು ಟೌನ್‌ಶಿಪ್. ಎಕರೆಗೆ ಕನಿಷ್ಠ ಬೆಲೆ 1.25 ಡಾಲರ್. ಪ್ರತಿ ಟೌನ್‌ಶಿಪ್ಪಿನ 16ನೇ ಚೌಕ ಮಾತ್ರ ಶಾಲೆಗೆ ಮೀಸಲು. ಶಿಕಾಗೊದಲ್ಲಿ ಆ ಮೀಸಲು ಚೌಕ ಇಂದಿನ ನಗರಕೇಂದ್ರದಲ್ಲೇ ಬೀಳುತ್ತದೆ. 1833ರಲ್ಲಿ ಅದರ 142 ಬ್ಲಾಕುಗಳಲ್ಲಿ 138ನ್ನು ಸುಮಾರು 38,000 ಡಾಲರಿಗೆ ಮಾರಿಬಿಟ್ಟರು. ಉಳಿಸಿಕೊಂಡಿದ್ದರೆ ಆ ಊರಿನ ಶಾಲೆಗಳು ಜಗತ್ತಿನಲ್ಲೇ ಶ್ರೀಮಂತ ಶಾಲೆಗಳಾಗಿರುತ್ತಿದ್ದವು. ನನಗೆ ಈ ಪ್ರಸಂಗ ನೆನೆದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಜನ ಕೊಳ್ಳಲು ಮುಗಿಬಿದ್ದದ್ದು ಈಗಿನ ಕೆಸರನ್ನಲ್ಲ, ಬರಲಿದ್ದ ಕಾಲುವೆಯನ್ನು. ಶಿಕಾಗೊ ನದಿ ಮಿಶಿಗನ್ ಸರೋವರಕ್ಕೆ ಸೇರುತ್ತಿತ್ತು. ಅಲ್ಲಿಂದ ಕೆಲವೇ ಮೈಲಿ ಪಶ್ಚಿಮಕ್ಕೆ ಹೋದರೆ ಡೆಸ್ ಪ್ಲೇನ್ಸ್ ನದಿ, ಅದು ಇಲಿನಾಯ್ ನದಿಯ ಮೂಲಕ ಮಿಸಿಸಿಪಿಗೆ ಹರಿಯುತ್ತಿತ್ತು. ನಡುವೆ ಇದ್ದದ್ದು ತಗ್ಗಾದ ಒಂದು ಏರು, ಮಳೆಗಾಲದಲ್ಲಿ ದೋಣಿಯೇ ದಾಟಬಹುದಾದಷ್ಟು ತಗ್ಗು. ಅಲ್ಲೊಂದು ಕಾಲುವೆ ತೋಡಿದರೆ ನ್ಯೂಯಾರ್ಕಿನಿಂದ ನ್ಯೂ ಆರ್ಲಿಯನ್ಸ್‌ವರೆಗೆ ನೀರಿನ ಮೇಲೇ ಸರಕು ಸಾಗಿಸಬಹುದು. ನ್ಯೂಯಾರ್ಕನ್ನು ಸರೋವರಗಳಿಗೆ ಜೋಡಿಸಿ 1825ರಲ್ಲಿ ಮುಗಿದ ಈರಿ ಕಾಲುವೆಯ ದಂಡೆಯುದ್ದಕ್ಕೂ ಹಳ್ಳಿಗಳು ಪಟ್ಟಣಗಳಾದದ್ದನ್ನು ನ್ಯೂಯಾರ್ಕಿನವರು ಕಣ್ಣಾರೆ ಕಂಡಿದ್ದರು. ಕಾಲುವೆಯ ಖರ್ಚಿಗೆಂದು ಕೇಂದ್ರ ಸರ್ಕಾರ ಅದರ ಎರಡೂ ಬದಿಯ ನೆಲವನ್ನು ಒಂದು ಬಿಟ್ಟು ಒಂದು ಚೌಕದಂತೆ ಇಲಿನಾಯ್ ರಾಜ್ಯಕ್ಕೆ 1827ರಲ್ಲೇ ಕೊಟ್ಟಿತ್ತು. 1830ರ ಶಿಕಾಗೊದ ಮೊದಲ ನಕ್ಷೆ ಬರೆಸಿದ್ದೂ ಕಾಲುವೆಯ ಅಧಿಕಾರಿಗಳೇ. ಊರು ಹುಟ್ಟುವ ಮೊದಲೇ ಸೈಟು ಹುಟ್ಟಿತು.

ಆಗ್ಡೆನ್‌ಗೆ ಈ ಲೆಕ್ಕ ಹೊಸದಲ್ಲ. ನ್ಯೂಯಾರ್ಕ್ ರಾಜ್ಯದ ವಾಲ್ಟನ್ ಎಂಬ ಊರಿನಲ್ಲಿ 1805ರಲ್ಲಿ ಹುಟ್ಟಿದ ಆತ ಮರ ಕೊಯ್ಯುವ ಮಿಲ್ಲಿನ ಸದ್ದಿನಲ್ಲೇ ಬೆಳೆದವನು. ವಕೀಲನಾಗುವ ಆಸೆಯಿತ್ತು, ತಂದೆ ಕಾಯಿಲೆ ಬಿದ್ದದ್ದರಿಂದ ಹದಿಹರೆಯದಲ್ಲೇ ಮನೆಯ ಮರದ ವ್ಯಾಪಾರ, ಜಮೀನಿನ ವ್ಯವಹಾರ ಹೆಗಲಿಗೆ ಬಂತು. ಮರದ ದಿಮ್ಮಿಯ ತೊಟ್ಟಿಲಲ್ಲಿ ಮಲಗಿ ಬೆಳೆದೆ, 14ಕ್ಕೆಲ್ಲ ಯಾವ ಕೆಲಸವನ್ನಾದರೂ ಮಾಡಬಲ್ಲೆ ಅಂದುಕೊಂಡಿದ್ದೆ ಎಂದು ಮುಂದೆ ಆತನೇ ಹೇಳಿಕೊಂಡ. 1834ರಲ್ಲಿ ನ್ಯೂಯಾರ್ಕ್ ಶಾಸನಸಭೆಗೆ ಆಯ್ಕೆಯಾಗಿ, ನ್ಯೂಯಾರ್ಕ್–ಈರಿ ರೈಲು ಮಾರ್ಗಕ್ಕೆ ಸರ್ಕಾರದ ನೆರವು ಬೇಕೆಂದು ವಾದಿಸಿದ್ದ. ಸರ್ಕಾರದ ಹಣ, ರಸ್ತೆ, ನೆಲ ಈ ಮೂರರ ನಂಟು ಶಿಕಾಗೊಗೆ ಬರುವ ಮೊದಲೇ ಆತನಿಗೆ ಗೊತ್ತಿತ್ತು.

ಮೇಯರ್ ಆದ ಎಂಟೇ ದಿನಕ್ಕೆ ಕುಸಿತ

1837ರ ಮಾರ್ಚಿನಲ್ಲಿ ಶಿಕಾಗೊಗೆ ನಗರದ ಪಟ್ಟ ಸಿಕ್ಕಿತು. ಮೇ 2ರಂದು ಚುನಾವಣೆ. ಡೆಮಾಕ್ರಟಿಕ್ ಪಕ್ಷದ ಆಗ್ಡೆನ್‌ಗೆ 489 ಮತ, ಎದುರಾಳಿ ವಿಗ್ ಪಕ್ಷದ ಜಾನ್ ಕಿಂಜಿಗೆ 217. ಕಿಂಜಿ ಆ ಊರಿನ ಹಳೇ ಮನೆತನದವನು. ಆಗ್ಡೆನ್ ಬಂದು ಎರಡು ವರ್ಷವೂ ತುಂಬಿರಲಿಲ್ಲ. ಇಡೀ ನಗರದ ಜನಸಂಖ್ಯೆ ಸುಮಾರು 4,200, ಮೇಯರ್ ಅವಧಿ ಒಂದೇ ವರ್ಷ.

ಗೆದ್ದ ಎಂಟನೇ ದಿನ, ಮೇ 10ರಂದು, ನ್ಯೂಯಾರ್ಕಿನ ಬ್ಯಾಂಕುಗಳು ನೋಟಿಗೆ ಬದಲಾಗಿ ಚಿನ್ನ–ಬೆಳ್ಳಿ ಕೊಡುವುದನ್ನು ನಿಲ್ಲಿಸಿದವು. ಇದರ ಹಿನ್ನೆಲೆ ಹೀಗೆ. ಆಗ ಅಮೆರಿಕದಲ್ಲಿ ನೋಟು ಅಚ್ಚು ಹಾಕುತ್ತಿದ್ದದ್ದು ನೂರಾರು ಖಾಸಗಿ ಬ್ಯಾಂಕುಗಳು. ಜನ ಅವುಗಳಿಂದ ಸಾಲ ತಂದು ಸೈಟು ಕೊಳ್ಳುತ್ತಿದ್ದರು. ಸ್ವಲ್ಪ ಮುಂಗಡ ಕೊಟ್ಟು, ಉಳಿದದ್ದಕ್ಕೆ ಕಂತಿನ ಪತ್ರ ಬರೆದುಕೊಟ್ಟು, ಕಂತು ಬರುವ ಮೊದಲೇ ಇನ್ನೊಬ್ಬನಿಗೆ ಹೆಚ್ಚಿನ ಬೆಲೆಗೆ ಮಾರುವುದು. ಎಲ್ಲರೂ ಎಲ್ಲರಿಗೂ ಸಾಲಗಾರರು. 1836ರ ಜುಲೈನಲ್ಲಿ ಅಧ್ಯಕ್ಷ ಆಂಡ್ರೂ ಜಾಕ್ಸನ್ ಸರ್ಕಾರಿ ನೆಲವನ್ನು ಇನ್ನು ಚಿನ್ನ–ಬೆಳ್ಳಿಗೇ ಮಾರಬೇಕೆಂದು ಆಜ್ಞೆ ಹೊರಡಿಸಿದಾಗ ಕಾಗದದ ಹಣದ ಮೇಲಿನ ನಂಬಿಕೆ ಅಲುಗಾಡಿತು. ಇಂಗ್ಲೆಂಡಿನ ಬ್ಯಾಂಕುಗಳು ಸಾಲದ ಹಗ್ಗ ಬಿಗಿದವು, ಹತ್ತಿಯ ಬೆಲೆ ಬಿತ್ತು. ಮುಂದಿನ ಕೊಳ್ಳುವವನು ಬಾರದಿದ್ದ ದಿನ ಶಿಕಾಗೊದ ಸೈಟು ಮತ್ತೆ ಕೆಸರಾಯಿತು.

ಸಾಲದಲ್ಲಿ ಮುಳುಗಿದವರು ಸಭೆ ಸೇರಿದರು. ಕೋರ್ಟುಗಳು ವಸೂಲಿ ದಾವೆ ನಡೆಸಬಾರದು, ಸಾಲ ತೀರಿಸುವುದಿಲ್ಲ ಎಂದು ಒಟ್ಟಾಗಿ ಘೋಷಿಸೋಣ ಎಂಬ ಕೂಗು ಎದ್ದಿತು. ಮೇಯರ್ ಅಲ್ಲಿಗೆ ಹೋಗಿ ಮಾತಾಡಿದ. ಕೋಟೆಯೊಳಗಿನವರು ಧೈರ್ಯ ಬಿಡದೆ ತಮ್ಮ ದೌರ್ಬಲ್ಯ ಮುಚ್ಚಿಟ್ಟದ್ದರಿಂದಲೇ ಎಷ್ಟೋ ಕೋಟೆಗಳು ಉಳಿದಿವೆ, ನಮ್ಮ ಎಳೆಯ ನಗರದ ಮಾನಕ್ಕೆ ಮಸಿ ಬಳಿಯಬೇಡಿ ಎಂಬುದು ಅವನ ಮಾತಿನ ಸಾರ. ಸಭೆ ಒಪ್ಪಿತು. ನಗರ ಸಣ್ಣ ಮೊತ್ತದ ಸಾಲಚೀಟಿಗಳನ್ನು ಹಂಚಿ ದಿನ ದೂಡಿತು.

ಇದನ್ನು ಬರೀ ಸ್ವಾರ್ಥವೆಂದು ತಳ್ಳಿಹಾಕಲು ನನ್ನ ಮನಸ್ಸು ಒಪ್ಪುವುದಿಲ್ಲ. ಆಗ್ಡೆನ್ ತಾನೇ ಬೇರೆಯವರ ಪತ್ರಗಳಿಗೆ ಜಾಮೀನು ಹಾಕಿ ಸಿಕ್ಕಿಬಿದ್ದಿದ್ದ. ಸಾಲ ಮನ್ನಾ ಆಗಿದ್ದರೆ ಆ ಕ್ಷಣಕ್ಕೆ ಅವನಿಗೂ ಲಾಭವಿತ್ತು. ಬದಲಿಗೆ ಐದಾರು ವರ್ಷ ಒದ್ದಾಡಿ ಹೊರಬಂದ. ಆದರೆ ದೂರದ ಲೆಕ್ಕವೂ ಅವನಿಗೆ ಗೊತ್ತಿತ್ತು. ಪೂರ್ವದ ಊರುಗಳ ಹಣ ಬಾರದೆ ಕಾಲುವೆ ಇಲ್ಲ, ಕಾಲುವೆಯಿಲ್ಲದೆ ಸೈಟಿಗೆ ಬೆಲೆ ಇಲ್ಲ. ಮಾತು ತಪ್ಪಿದ ಊರಿಗೆ ಯಾರು ಹಣ ಹಾಕುತ್ತಾರೆ?

ಅದು ನಿಜವಾಗಿಯೂ ಪರೀಕ್ಷೆಗೆ ಬಂತು. 1836ರ ಜುಲೈ 4ರಂದು ಶುರುವಾಗಿದ್ದ ಕಾಲುವೆಯ ಕೆಲಸ 1840ರ ದಶಕದ ಮೊದಲಲ್ಲಿ ನಿಂತೇಹೋಯಿತು. ಇಲಿನಾಯ್ ರಾಜ್ಯ ಬಡ್ಡಿ ಕಟ್ಟಲಾಗದೆ ದಿವಾಳಿಯ ಅಂಚಿಗೆ ಬಂದಿತ್ತು. ಆಗ ಆಗ್ಡೆನ್, ಅದೇ ಆರ್ಥರ್ ಬ್ರಾನ್ಸನ್ ಮತ್ತು ಶಿಕಾಗೊದ ಇಬ್ಬರು ವಕೀಲರು ಕೂತು ಒಂದು ದಾರಿ ಹುಡುಕಿದರು. ಕಾಲುವೆಗೆ ಮೊದಲೇ ಸಾಲ ಕೊಟ್ಟಿದ್ದ ಬಾಂಡುದಾರರೇ ಇನ್ನೂ 16 ಲಕ್ಷ ಡಾಲರ್ ಸಾಲ ಕೊಡಬೇಕು. ಅದಕ್ಕೆ ಭದ್ರತೆಯಾಗಿ ಕಾಲುವೆ ಮತ್ತು ಅದರ ನೆಲವೆಲ್ಲ ಟ್ರಸ್ಟಿಗಳ ಕೈಗೆ ಹೋಗಬೇಕು. ಕಾಲುವೆಯನ್ನು ಮೊದಲು ಯೋಚಿಸಿದಷ್ಟು ಆಳಕ್ಕೆ ಅಗೆಯದೆ ಖರ್ಚು ಇಳಿಸಬೇಕು. ಮುಳುಗುವ ಸಾಲಕ್ಕೆ ಇನ್ನಷ್ಟು ಸಾಲ ಕೊಟ್ಟು ಮೊದಲಿನದನ್ನೂ ಉಳಿಸಿಕೊಳ್ಳುವ ಉಪಾಯ ಇದು. 96 ಮೈಲಿಯ ಕಾಲುವೆ 1848ರ ಏಪ್ರಿಲಿನಲ್ಲಿ ತೆರೆಯಿತು.

ಊರಿನವರೇ ಬೇಡವೆಂದ ರೈಲು

ಗಲೀನಾ ಆ್ಯಂಡ್ ಶಿಕಾಗೊ ಯೂನಿಯನ್ ಎಂಬ ರೈಲು ಕಂಪನಿಗೆ 1836ರಲ್ಲೇ ಪರವಾನಗಿ ಸಿಕ್ಕಿತ್ತು. ಕುಸಿತದಲ್ಲಿ ಅದು ಕಾಗದದ ಮೇಲೇ ಉಳಿಯಿತು. ಹತ್ತು ವರ್ಷದ ನಂತರ ಆಗ್ಡೆನ್ ಅದರ ಅಧ್ಯಕ್ಷನಾಗಿ ಎದ್ದು ನಿಂತಾಗ ಊರಿನ ಅಂಗಡಿಕಾರರೇ ಅಡ್ಡಬಂದರು. ರೈತರು ಗಾಡಿಯಲ್ಲಿ ಗೋಧಿ ತಂದು, ಮಾರಿ, ಅದೇ ದುಡ್ಡಿನಲ್ಲಿ ಬಟ್ಟೆ, ಉಪ್ಪು, ಕಬ್ಬಿಣದ ಸಾಮಾನು ಕೊಂಡು ಹೋಗುತ್ತಿದ್ದರು. ರೈಲು ಬಂದರೆ ಗೋಧಿ ಮಾತ್ರ ಬರುತ್ತದೆ, ರೈತ ಬರುವುದಿಲ್ಲ ಎಂಬುದು ಅವರ ಭಯ. ಪೂರ್ವದ ಹಣವಂತರು ಮೊದಲು ನೀವು ಹಾಕಿ, ಆಮೇಲೆ ನಾವು ಎಂದರು.

ಆಗ್ಡೆನ್ ಮತ್ತು ಯಂಗ್ ಸ್ಕ್ಯಾಮನ್ ಎಂಬ ವಕೀಲ ರೈಲು ಹೋಗಬೇಕಿದ್ದ ದಾರಿಯುದ್ದಕ್ಕೂ ಊರೂರು ತಿರುಗಿ, ರೈತರ ಮನೆ ಬಾಗಿಲಿಗೆ ಹೋಗಿ ಷೇರು ಮಾರಿದರು. ಕೆಸರಿನ ದಾರಿಯಲ್ಲಿ ಗಾಡಿ ಹೂತು, ಮಾರುಕಟ್ಟೆಗೆ ಹೋಗಿಬರಲು ದಿನಗಟ್ಟಲೆ ಕಳೆಯುತ್ತಿದ್ದ ರೈತನಿಗೆ ಈ ಮಾತು ಬೇಗ ಅರ್ಥವಾಯಿತು. ಸುಮಾರು 3.5 ಲಕ್ಷ ಡಾಲರಿನ ಷೇರಿಗೆ ಸಹಿ ಬಿತ್ತು. ಒಂದೊಂದು ಮನೆಯಿಂದ ಬಂದದ್ದು ಸಣ್ಣ ಮೊತ್ತ, ಅದೂ ಕಂತಿನಲ್ಲಿ. 1848ರ ಅಕ್ಟೋಬರಿನಲ್ಲಿ ಪಯೊನೀರ್ ಎಂಬ ಬಳಸಿದ ಎಂಜಿನ್ ಹೊಸ ಹಳಿಯ ಮೇಲೆ ಊರಿನಿಂದ ಪಶ್ಚಿಮಕ್ಕೆ ಹೊರಟಿತು. ಗೋಧಿ ಗಾಡಿಯ ರೈತನೊಬ್ಬ ದಾರಿಯಲ್ಲಿ ಸಿಕ್ಕಿದ, ಅವನ ಗೋಧಿಯನ್ನು ರೈಲಿನಲ್ಲೇ ಊರಿಗೆ ತಂದರು. ಆ ಎಂಜಿನ್ ಈಗಲೂ ಶಿಕಾಗೊದ ಇತಿಹಾಸ ಮ್ಯೂಸಿಯಂನಲ್ಲಿದೆ.

ಗೋಧಿ ಹೆಚ್ಚು ಬೆಳೆಯಬೇಕಾದರೆ ಕೊಯ್ಯುವ ಯಂತ್ರ ಬೇಕು. 1847ರಲ್ಲಿ ಸೈರಸ್ ಮೆಕಾರ್ಮಿಕ್ ಶಿಕಾಗೊಗೆ ಬಂದು ಕಟಾವು ಯಂತ್ರದ ಕಾರ್ಖಾನೆ ತೆರೆಯಲು ಹಣ ಕೊಟ್ಟವನೂ ಆಗ್ಡೆನ್ನೇ. ಯಂತ್ರ ಗೋಧಿ ಹೆಚ್ಚಿಸಿತು, ಗೋಧಿ ರೈಲು ತುಂಬಿಸಿತು, ರೈಲು ಊರನ್ನು ಬೆಳೆಸಿತು, ಊರು ಬೆಳೆದಂತೆ ಸೈಟಿನ ಬೆಲೆ ಏರಿತು. 1840ರಲ್ಲಿ 4,470 ಜನರಿದ್ದ ಊರು 1850ಕ್ಕೆ 29,963, 1870ಕ್ಕೆ 2,98,977 ಆಯಿತು. 1845ರಲ್ಲಿ 15,000 ಡಾಲರಿಗೆ ಕೊಂಡ ಆಸ್ತಿ 1865ಕ್ಕೆ ಒಂದು ಕೋಟಿ ಡಾಲರ್ ಬಾಳುತ್ತಿತ್ತು ಎಂದು ಆಗ್ಡೆನ್ ತಾನೇ ಲೆಕ್ಕ ಹೇಳಿದ್ದಾನೆ. ಈ ಹೆಚ್ಚಳದಲ್ಲಿ ಅವನ ದುಡಿಮೆ ಎಷ್ಟು, ಷೇರು ಕೊಂಡ ರೈತರದ್ದೆಷ್ಟು, ಕಾಲುವೆ ಅಗೆದ ಐರಿಷ್ ಕೂಲಿಗಳದ್ದೆಷ್ಟು? ನೆಲದ ಪತ್ರದಲ್ಲಿ ಒಬ್ಬನ ಹೆಸರೇ ಇರುತ್ತದೆ.

ರಸ್ತೆಗಳ ವಿಷಯದಲ್ಲೂ ಇದೇ ಪ್ರಶ್ನೆ. ಆಗಿನ ಶಿಕಾಗೊದಲ್ಲಿ ಬೀದಿಗೆ ಹಲಗೆ ಹಾಸುವ, ಚರಂಡಿ ತೆಗೆಯುವ ಖರ್ಚನ್ನು ಬಹುಪಾಲು ಆ ಬೀದಿಯ ಆಸ್ತಿದಾರರ ಮೇಲೇ ಹಾಕುತ್ತಿದ್ದರು. ಲಾಭ ಪಡೆಯುವವರೇ ಖರ್ಚು ಕೊಡಲಿ ಎನ್ನುವುದು ಮೇಲ್ನೋಟಕ್ಕೆ ನ್ಯಾಯ. ನಡೆದದ್ದೇನೆಂದರೆ, ಕಾಮಗಾರಿ ಬೇಕೋ ಬೇಡವೋ ಎಂದು ತೀರ್ಮಾನಿಸುವ ಅಧಿಕಾರವೂ ಆಸ್ತಿದಾರರಿಗೇ ಹೋಯಿತು. ಆಗ್ಡೆನ್‌ನಂಥವರು ತಮ್ಮ ಲೇಔಟಿನ ಮುಂದೆ ಮೈಲಿಗಟ್ಟಲೆ ರಸ್ತೆ ಮಾಡಿಸಿ ಬೆಲೆ ಏರಿಸಿಕೊಂಡರು. ಬಾಡಿಗೆಯವರೇ ತುಂಬಿದ್ದ ಬಡ ಬೀದಿಗಳಲ್ಲಿ ಕೆಸರು ಹಾಗೇ ಉಳಿಯಿತು.

1857ರಲ್ಲಿ ಇದರ ಕಟುವಾದ ರೂಪ ಕಾಣಿಸಿತು. ನದಿಯು ಸರೋವರ ಸೇರುವಲ್ಲಿ ಉತ್ತರಕ್ಕೆ ಸ್ಯಾಂಡ್ಸ್ ಎಂಬ ಮರಳು ದಂಡೆಯಿತ್ತು. ಯಾರ ಸ್ವತ್ತೆಂಬ ತಕರಾರು ಕೋರ್ಟಿನಲ್ಲಿದ್ದುದರಿಂದ ಅಲ್ಲಿ ಗುಡಿಸಲು, ಸಾರಾಯಿ ಅಂಗಡಿ, ವೇಶ್ಯಾಗೃಹಗಳು ಎದ್ದಿದ್ದವು. ಆಗ್ಡೆನ್ ಅಲ್ಲಿನ ಹಕ್ಕುಗಳನ್ನು ಕೊಂಡು, ಖಾಲಿ ಮಾಡಿ ಎಂದ. ಅವರು ಕದಲಲಿಲ್ಲ. ಏಪ್ರಿಲ್ 20ರಂದು ಆಗಿನ ಮೇಯರ್ ಜಾನ್ ವೆಂಟ್‌ವರ್ತ್ ಪೊಲೀಸರೊಡನೆ ಬಂದು ಮನೆಗಳನ್ನು ಕೆಡವಿಸಿದ, ಉಳಿದವು ಬೆಂಕಿಗೆ ಹೋದವು. ಅದೇ ವರ್ಷ ಆಗ್ಡೆನ್‌ನ ಶಿಕಾಗೊ ಡಾಕ್ ಆ್ಯಂಡ್ ಕೆನಾಲ್ ಕಂಪನಿ ಹುಟ್ಟಿತು. ಅದರ ಕಾನೂನು ಕೆಲಸಕ್ಕೆ ನೆರವಾದವರಲ್ಲಿ ಸ್ಪ್ರಿಂಗ್‌ಫೀಲ್ಡಿನ ವಕೀಲ ಅಬ್ರಹಾಂ ಲಿಂಕನ್ ಒಬ್ಬ. ಗುಡಿಸಲಿದ್ದ ಜಾಗದಲ್ಲಿ ಹಡಗುಕಟ್ಟೆ ಬಂತು. ನದಿಯ ಉತ್ತರ ಕವಲಿನಲ್ಲಿ ಇಟ್ಟಿಗೆಗೆಂದು ಜೇಡಿಮಣ್ಣು ತೋಡುತ್ತಾ ಅಡ್ಡಕಾಲುವೆ ಮಾಡಿಸಿದವನೂ ಅವನೇ. ಹಾಗೆ ನಡುವೆ ಉಳಿದ ತುಂಡು ನೆಲವೇ ಇಂದಿನ ಗೂಸ್ ಐಲೆಂಡ್.

ಒಂದೇ ರಾತ್ರಿ, ಎರಡು ಬೆಂಕಿ

ಮುಂದಿನ ಪದವಿಗಳನ್ನು ಬೇಗ ಹೇಳಿಬಿಡಬಹುದು. 1859ರಿಂದ 1868ರವರೆಗೆ ಶಿಕಾಗೊ ಆ್ಯಂಡ್ ನಾರ್ತ್ ವೆಸ್ಟರ್ನ್ ರೈಲ್ವೆಯ ಅಧ್ಯಕ್ಷ. 1862ರಲ್ಲಿ, ಪೆಸಿಫಿಕ್ ಸಾಗರದತ್ತ ಹಳಿ ಹಾಕಲು ಹೊರಟ ಯೂನಿಯನ್ ಪೆಸಿಫಿಕ್‌ನ ಮೊದಲ ಅಧ್ಯಕ್ಷ, ಅದೂ ಒಂದೇ ವರ್ಷ. 1860ರ ದಶಕದಲ್ಲಿ ನ್ಯೂಯಾರ್ಕಿಗೆ ವಾಪಸಾಗಿ ಹಾರ್ಲೆಮ್ ನದಿಯ ದಡದಲ್ಲಿ ಬಾಸ್ಕೊಬೆಲ್ ಎಂಬ ಬಂಗಲೆಯಲ್ಲಿ ನೆಲೆಸಿದ.

ಶಿಕಾಗೊ ಮರದ ಊರು. ಮನೆ, ಪಾದಚಾರಿ ಹಾದಿ, ಬೀದಿಯ ಹಾಸು ಎಲ್ಲವೂ ಮರ. ಆ ಮರ ಬರುತ್ತಿದ್ದದ್ದು ಉತ್ತರದ ವಿಸ್ಕಾನ್ಸಿನ್, ಮಿಶಿಗನ್ ಕಾಡುಗಳಿಂದ. ವಿಸ್ಕಾನ್ಸಿನ್ನಿನ ಪೆಶ್ಟಿಗೊ ಊರಿನಲ್ಲಿ ಆಗ್ಡೆನ್‌ನ ಕಂಪನಿ ಮರದ ಮಿಲ್ಲು ಮತ್ತು ಬಕೆಟ್ಟು, ತೊಟ್ಟಿ, ಪೊರಕೆಯ ಹಿಡಿ ಮಾಡುವ ದೊಡ್ಡ ಕಾರ್ಖಾನೆ ನಡೆಸುತ್ತಿತ್ತು. ಕಡಿದ ಮರದ ರೆಂಬೆ ಕಾಡಿನಲ್ಲೇ ಒಣಗಿ ಬಿದ್ದಿರುತ್ತಿತ್ತು. ಹೊಲ ಮಾಡಿಕೊಳ್ಳಲು ರೈತರು, ರೈಲು ದಾರಿ ಬಿಡಿಸಲು ಕೂಲಿಗಳು ಬೆಂಕಿ ಹಾಕಿ ಸುಡುತ್ತಿದ್ದರು. 1871ರ ಬೇಸಿಗೆಯಲ್ಲಿ ಮಳೆ ತೀರ ಕಡಿಮೆ ಬಿತ್ತು.

ಅಕ್ಟೋಬರ್ 8ರ ರಾತ್ರಿ ಬಿರುಗಾಳಿ ಎದ್ದಿತು. ಶಿಕಾಗೊದಲ್ಲಿ ಹೊತ್ತಿದ ಬೆಂಕಿ ಸುಮಾರು 17,500 ಕಟ್ಟಡಗಳನ್ನು ಸುಟ್ಟಿತು, ಒಂದು ಲಕ್ಷ ಜನ ಬೀದಿಗೆ ಬಿದ್ದರು, ಸುಮಾರು 300 ಜನ ಸತ್ತರು. ಅದೇ ರಾತ್ರಿ ಪೆಶ್ಟಿಗೊದ ಕಾಡ್ಗಿಚ್ಚಿನಲ್ಲಿ ಕನಿಷ್ಠ 1,200 ಜನ ಸತ್ತರು, 2,500ರವರೆಗೂ ಅಂದಾಜುಗಳಿವೆ. ಅಮೆರಿಕದ ಚರಿತ್ರೆಯಲ್ಲಿ ಅಷ್ಟು ಜೀವ ತೆಗೆದ ಕಾಡ್ಗಿಚ್ಚು ಇನ್ನೊಂದಿಲ್ಲ. ಶಿಕಾಗೊದ ಬೆಂಕಿಯನ್ನು ಲೋಕ ನೆನಪಿಟ್ಟುಕೊಂಡಿತು. ಅದಕ್ಕೆ ಮರ ಕೊಟ್ಟ ಊರನ್ನು ಬಹುಮಟ್ಟಿಗೆ ಮರೆಯಿತು.

ಸುದ್ದಿ ತಿಳಿದು ಆಗ್ಡೆನ್ ನ್ಯೂಯಾರ್ಕಿನಿಂದ ಓಡಿಬಂದ. 1837ರಲ್ಲಿ ವಾಸ್ತುಶಿಲ್ಪಿ ಜಾನ್ ವ್ಯಾನ್ ಆಸ್ಡೆಲ್ ಕೈಯಲ್ಲಿ ಕಟ್ಟಿಸಿದ್ದ ಮನೆ ಬೂದಿಯಾಗಿತ್ತು. ಸುತ್ತಲಿನ ಬಡಾವಣೆಯಲ್ಲಿ ತಮ್ಮ ಮಹ್ಲಾನ್‌ನ ಮನೆಯೊಂದು ಅಚ್ಚರಿಯೆಂಬಂತೆ ಉಳಿದಿತ್ತು. ಅದಿದ್ದ ಜಾಗದಲ್ಲಿ ಈಗ ನ್ಯೂಬೆರಿ ಗ್ರಂಥಾಲಯವಿದೆ. ಅಲ್ಲಿಂದ ಆತ ಪೆಶ್ಟಿಗೊಗೆ ಹೋದ. 66ರ ವಯಸ್ಸಿನಲ್ಲಿ ಉಳಿದ ಕೆಲಸಗಾರರ ಮುಂದೆ ನಿಂತು, ಊರನ್ನು ಮತ್ತೆ ಕಟ್ಟುತ್ತೇವೆ ಎಂದು ಮಾತುಕೊಟ್ಟ. ಮರದ ಕೆಲಸ ಮತ್ತೆ ಶುರುವಾಯಿತು, ಆದರೆ ಬಕೆಟ್ಟಿನ ಕಾರ್ಖಾನೆ ಮೇಲೇಳಲಿಲ್ಲ.

ಯೌವನದಲ್ಲಿ ಆತ ಮೆಚ್ಚಿದ್ದ ಹುಡುಗಿ ಮದುವೆಗೆ ಮೊದಲೇ ತೀರಿಕೊಂಡಿದ್ದಳು. 1875ರಲ್ಲಿ, ಎಪ್ಪತ್ತರ ಹೊಸ್ತಿಲಲ್ಲಿ, ಮರಿಯಾನಾ ಆರ್ನಾಟ್ ಅವರನ್ನು ಮದುವೆಯಾದ. 1877ರ ಆಗಸ್ಟ್ 3ರಂದು ತೀರಿಕೊಂಡ. ಅವನ ಆಸ್ತಿಯ ಒಂದು ಪಾಲು ಮುಂದೆ ಶಿಕಾಗೊ ವಿಶ್ವವಿದ್ಯಾಲಯದ ವಿಜ್ಞಾನ ವಿಭಾಗಕ್ಕೆ ಹೋಯಿತು. ನದಿಯ ಬಾಯಲ್ಲಿ ಅವನ ಕಂಪನಿ ತೋಡಿದ ಹಡಗುಕಟ್ಟೆಗೆ ಇಂದಿಗೂ ಆಗ್ಡೆನ್ ಸ್ಲಿಪ್ ಎಂದೇ ಹೆಸರು. ಅದರ ಎರಡೂ ಬದಿಯಲ್ಲಿ ಈಗ ಎತ್ತರದ ಫ್ಲ್ಯಾಟುಗಳು.

ಆಗ್ಡೆನ್‌ನ ಸಮಾಧಿ ನ್ಯೂಯಾರ್ಕಿನ ವುಡ್‌ಲಾನ್ ಸ್ಮಶಾನದಲ್ಲಿದೆ. ಪೆಶ್ಟಿಗೊದಲ್ಲಿ ಸುಮಾರು 350 ಜನರನ್ನು ಒಂದೇ ಗುಂಡಿಯಲ್ಲಿ ಹೂಳಿದ್ದಾರೆ. ಅವರು ಯಾರೆಂದು ಗುರುತು ಹೇಳಲು ಮನೆಯವರು ಯಾರೂ ಉಳಿದಿರಲಿಲ್ಲ.